ಆರ್ಕ್‌ರೈಟ್: ಹಿಟ್ಟಿನ ಪೆಟ್ಟಿಗೆಯಿಂದ ಹುಟ್ಟಿದ ಮನೆತನದ ಹೆಸರು

ಕೈಗಾರಿಕಾ ಕ್ರಾಂತಿಯ ಇತಿಹಾಸವನ್ನು ಅಲ್ಪಸ್ವಲ್ಪ ಓದಿದವರಿಗೂ ರಿಚರ್ಡ್ ಆರ್ಕ್‌ರೈಟ್ ಎಂಬ ಹೆಸರು ಪರಿಚಿತವೇ. ಹತ್ತಿ ನೂಲುವ ಯಂತ್ರಕ್ಕೆ 1769ರಲ್ಲಿ ಪೇಟೆಂಟ್ ಪಡೆದು, 1771ರಲ್ಲಿ ಡರ್ಬಿಷೈರ್‌ನ ಕ್ರಾಮ್‌ಫರ್ಡ್ ಎಂಬಲ್ಲಿ ನೀರಿನ ಬಲದಿಂದ ನಡೆಯುವ ಗಿರಣಿಗೆ ಅಡಿಪಾಯ ಹಾಕಿ, 1786ರಲ್ಲಿ ಸರ್ ಪದವಿಗೂ ಏರಿದ ಆ ವ್ಯಕ್ತಿಯ ಬಗ್ಗೆ ಪುಸ್ತಕಗಳು ಬೇಕಾದಷ್ಟಿವೆ. ಆದರೆ ಆತನ ಮನೆತನದ ಹೆಸರು ಎಲ್ಲಿಂದ ಬಂತು, ಇಂಗ್ಲೆಂಡಿನ ಒಂದು ಮೂಲೆಯಲ್ಲಷ್ಟೇ ಅದು ಏಕೆ ಬೇರೂರಿತು, ಏಕೆ ಇಷ್ಟು ವಿರಳವಾಗಿ ಉಳಿಯಿತು ಎಂದು ಕೇಳುವವರು ಕಡಿಮೆ. ಇಂಗ್ಲಿಷ್ ಕುಲನಾಮಗಳ ಬಗ್ಗೆ ಬಹುಕಾಲದಿಂದ ಆಸಕ್ತಿಯಿಂದ ಓದುತ್ತ ಬಂದಿರುವ ನನಗೆ ಗಿರಣಿಯ ಕಥೆಗಿಂತ ಈ ಹೆಸರಿನ ಕಥೆಯೇ ಹೆಚ್ಚು ಆಪ್ತವಾಗಿದೆ. ಒಂದು ಪ್ರದೇಶದ ಜನ ಏನು ಬೆಳೆದರು, ಏನು ಉಂಡರು, ಉಣ್ಣುವುದನ್ನು ಎಲ್ಲಿ ಕೂಡಿಟ್ಟರು ಎಂಬುದೆಲ್ಲ ಈ ಒಂದು ಹೆಸರಿನಲ್ಲಿ ಅಡಕವಾಗಿದೆ ಎಂದು ನಾನು ನಂಬಿದ್ದೇನೆ.

ಹೆಸರಿನಲ್ಲಿ ಎರಡು ಭಾಗಗಳಿವೆ. ‘ಆರ್ಕ್’ ಎಂದರೆ ಪೆಟ್ಟಿಗೆ. ಲ್ಯಾಟಿನ್ ಭಾಷೆಯ ‘ಆರ್ಕಾ’ ಎಂಬ ಪದ ಬಹಳ ಹಿಂದೆಯೇ ಜರ್ಮ್ಯಾನಿಕ್ ಭಾಷೆಗಳಿಗೆ ಬಂದು, ಹಳೆಯ ಇಂಗ್ಲಿಷಿನಲ್ಲಿಯೂ ಸ್ಕ್ಯಾಂಡಿನೇವಿಯಾದ ನಾರ್ಸ್ ಭಾಷೆಯಲ್ಲಿಯೂ ನೆಲೆಯೂರಿತು. ಬೈಬಲಿನ ನೋಹನ ನಾವೆಗೂ ದೇವರ ಒಡಂಬಡಿಕೆಯ ಪೆಟ್ಟಿಗೆಗೂ ಇಂಗ್ಲಿಷಿನಲ್ಲಿ ಇದೇ ಪದ ಬಳಕೆಯಾಗುತ್ತದೆ. ದಕ್ಷಿಣ ಇಂಗ್ಲೆಂಡಿನಲ್ಲಿ ಈ ಪದ ಕಾಲಕ್ರಮೇಣ ಚರ್ಚಿನ ಮಾತಿಗೆ ಸೀಮಿತವಾಯಿತು. ಉತ್ತರದಲ್ಲಿ ಮಾತ್ರ ಮನೆಯ ಮೂಲೆಯಲ್ಲಿ ನಿಂತಿರುವ ಹಿಟ್ಟಿನ ಪೆಟ್ಟಿಗೆಯ ಹೆಸರಾಗಿ ಶತಮಾನಗಳ ಕಾಲ ಜನರ ಬಾಯಲ್ಲಿ ಉಳಿಯಿತು. ‘ರೈಟ್’ ಎಂದರೆ ಮಾಡುವವನು, ಕೆಲಸಗಾರ. ಹಳೆಯ ಇಂಗ್ಲಿಷಿನಲ್ಲಿ ಕೆಲಸ ಎಂಬರ್ಥದ ಪದದ ಬೇರಿನಿಂದಲೇ ಇದು ಹುಟ್ಟಿದೆ. ಉತ್ತರ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನಲ್ಲಿ ಬರಿಯ ‘ರೈಟ್’ ಎಂದರೂ ಸಾಕು, ಬಡಗಿ ಎಂದೇ ಅರ್ಥ. ದಕ್ಷಿಣದಲ್ಲಿ ಅದೇ ಬಡಗಿಗೆ ಫ್ರೆಂಚ್ ಮೂಲದ ‘ಕಾರ್ಪೆಂಟರ್’ ಎಂಬ ಹೆಸರು ಹೆಚ್ಚು ಬಳಕೆಗೆ ಬಂತು, ಮತ್ತು ಆ ಕುಲನಾಮ ಇಂದಿಗೂ ದಕ್ಷಿಣದ ಕೌಂಟಿಗಳಲ್ಲಿಯೇ ಹೆಚ್ಚು ಕಾಣುತ್ತದೆ.

ಆರ್ಕ್ ಎಂಬ ಆ ಪೆಟ್ಟಿಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಏಕೆಂದರೆ ಅದನ್ನು ಮಾಡುವುದು ಬೇರೆಯೇ ಕಸುಬು ಎನಿಸಿಕೊಳ್ಳುವಷ್ಟು ಕುಶಲತೆಯನ್ನು ಬೇಡುತ್ತಿತ್ತು ಎಂಬುದು ಅದರ ರಚನೆಯಲ್ಲೇ ತಿಳಿಯುತ್ತದೆ. ಹಲಗೆಗಳನ್ನು ಗರಗಸದಿಂದ ಕೊಯ್ಯುತ್ತಿರಲಿಲ್ಲ. ಹಸಿ ಓಕ್ ದಿಮ್ಮಿಗೆ ಬೆಣೆ ಹೊಡೆದು, ತಿರುಳಿನಿಂದ ತೊಗಟೆಯ ಕಡೆಗೆ ಸೀಳಿ ತೆಗೆಯುತ್ತಿದ್ದರು. ಹೀಗೆ ಮರದ ಎಳೆಗುಂಟ ಸೀಳಿದ ಹಲಗೆ ಕೊಯ್ದ ಹಲಗೆಗಿಂತ ಗಟ್ಟಿ, ಒಣಗಿದಾಗ ಸೊಟ್ಟಗಾಗುವುದೂ ಕಡಿಮೆ. ಸೀಳಿದ ಹಲಗೆಯ ಒಂದು ಅಂಚು ದಪ್ಪ, ಇನ್ನೊಂದು ತೆಳು. ತೆಳು ಅಂಚನ್ನು ಪಕ್ಕದ ಹಲಗೆಯ ದಪ್ಪ ಅಂಚಿನಲ್ಲಿ ಕೊರೆದ ತೋಡಿಗೆ ಸೇರಿಸಿದರೆ ಹಿಟ್ಟು ಸೋರುವಷ್ಟೂ ಸಂದು ಉಳಿಯದು. ನಾಲ್ಕು ಮೂಲೆಯ ದಪ್ಪ ಕಂಬಗಳು ಕೆಳಕ್ಕೆ ಚಾಚಿ ಕಾಲುಗಳಾಗುತ್ತಿದ್ದವು, ಆದ್ದರಿಂದ ನೆಲದ ತೇವವೂ ಇಲಿಗಳೂ ಪೆಟ್ಟಿಗೆಯ ತಳವನ್ನು ಸುಲಭವಾಗಿ ಮುಟ್ಟುವಂತಿರಲಿಲ್ಲ. ಕಬ್ಬಿಣದ ಮೊಳೆಯಿಲ್ಲ, ಅಂಟಿಲ್ಲ. ಎಲ್ಲ ಜೋಡಣೆಯೂ ಮರದ ಗೂಟಗಳಿಂದಲೇ. ಮುಚ್ಚಳ ಮನೆಯ ಮಾಡಿನಂತೆ ನಡುವೆ ಎತ್ತರವಾಗಿ ಎರಡೂ ಕಡೆ ಇಳಿಜಾರಾಗಿರುತ್ತಿತ್ತು. ಅದನ್ನು ಪೂರ್ತಿ ಎತ್ತಿ ತೆಗೆದು ತಿರುವಿಹಾಕಿದರೆ ಹಿಟ್ಟು ನಾದುವ ಮರಿಗೆಯಾಗಿಯೂ ಬಳಸಬಹುದಾಗಿತ್ತು. ಇಂತಹ ಪೆಟ್ಟಿಗೆಯೊಂದು ಹಲವು ತಲೆಮಾರು ಬಾಳುತ್ತಿತ್ತು. ಇಂಗ್ಲೆಂಡಿನ ಉತ್ತರದ ಮನೆಗಳಲ್ಲಿ ಯಜಮಾನ ಸತ್ತ ಮೇಲೆ ನೆರೆಯವರು ಸೇರಿ ಸಿದ್ಧಪಡಿಸುತ್ತಿದ್ದ ಆಸ್ತಿಪಟ್ಟಿಗಳಲ್ಲಿ ದನ, ನೇಗಿಲು, ಹಾಸಿಗೆಗಳ ಜೊತೆಗೆ ಆರ್ಕ್ ಕೂಡ ಬೆಲೆ ಸಮೇತ ದಾಖಲಾಗುತ್ತಿತ್ತು.

ಇಷ್ಟು ದೊಡ್ಡ ಹಿಟ್ಟಿನ ಪೆಟ್ಟಿಗೆ ಉತ್ತರಕ್ಕೇ ಏಕೆ ಬೇಕಾಯಿತು? ಲ್ಯಾಂಕಾಷೈರ್ ಮತ್ತು ಯಾರ್ಕ್‌ಷೈರ್‌ನ ಪಶ್ಚಿಮ ಭಾಗ ಪೆನ್ನೈನ್ ಬೆಟ್ಟಸಾಲಿನ ಎರಡು ಮಗ್ಗುಲುಗಳು. ಅಲ್ಲಿ ಮಳೆ ಹೆಚ್ಚು, ಬೇಸಿಗೆ ತಂಪು, ಮಣ್ಣು ಹುಳಿ. ಗೋಧಿ ಅಲ್ಲಿ ಭರವಸೆಯ ಬೆಳೆಯಲ್ಲ. ಓಟ್ಸ್ ಮಾತ್ರ ಆ ಹವೆಗೆ ಒಗ್ಗಿಕೊಂಡು ಬೆಳೆಯುತ್ತಿತ್ತು. ಹಾಗಾಗಿ ಸಾಮಾನ್ಯ ಜನರ ಅನ್ನವೆಂದರೆ ಓಟ್ಸ್ ಗಂಜಿ ಮತ್ತು ಓಟ್ಸ್ ರೊಟ್ಟಿಯೇ. ಕೊಯ್ಲಿನ ನಂತರ ಕಾಳನ್ನು ಗೂಡಿನಲ್ಲಿ ಒಣಗಿಸಿ, ಬೀಸಿ, ಹಿಟ್ಟನ್ನು ಪೆಟ್ಟಿಗೆಗೆ ಒತ್ತಿ ಒತ್ತಿ ತುಂಬಿ, ಗಾಳಿ ಸೇರದಂತೆ ಮುಚ್ಚಿಟ್ಟರೆ ತಿಂಗಳುಗಟ್ಟಲೆ ಬರುತ್ತಿತ್ತು. ಹಿಟ್ಟು ಕೆಟ್ಟರೆ ಮನೆಗೆ ಮನೆಯೇ ಹಸಿಯಬೇಕಾದ ಆ ಬದುಕಿನಲ್ಲಿ ಆರ್ಕ್ ಮಾಡುವವನ ಕೈಕೆಲಸಕ್ಕೆ ಎಂತಹ ಬೆಲೆಯಿತ್ತು ಎಂಬುದನ್ನು ಊಹಿಸುವುದು ಕಷ್ಟವಲ್ಲ.

ಪೆಟ್ಟಿಗೆ ಮಾಡುವವರು ಇಂಗ್ಲೆಂಡಿನ ಎಲ್ಲ ಕಡೆಯೂ ಇದ್ದರು. ಆದರೆ ಎಲ್ಲ ಕಡೆಯೂ ಅವರನ್ನು ಆರ್ಕ್‌ರೈಟ್ ಎನ್ನಲಿಲ್ಲ. ಲಂಡನ್ನಿನಂತಹ ಪಟ್ಟಣಗಳಲ್ಲಿ ಫ್ರೆಂಚ್ ಪದದಿಂದ ಬಂದ ‘ಕಾಫರರ್’ ಎಂಬ ಹೆಸರು ಪೆಟ್ಟಿಗೆ ಮಾಡುವವನಿಗೂ ಭಂಡಾರದ ಲೆಕ್ಕ ನೋಡುವವನಿಗೂ ಸಲ್ಲುತ್ತಿತ್ತು. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕೆನಿಸುತ್ತದೆ. ಕಸುಬಿನಿಂದ ಬಂದ ಕುಲನಾಮವೊಂದು ಹಬ್ಬಿರುವ ಪ್ರದೇಶವನ್ನು ನಕ್ಷೆಯಲ್ಲಿ ಗುರುತಿಸಿದಾಗ, ಅದು ಆ ಕಸುಬು ಎಲ್ಲಿ ನಡೆಯುತ್ತಿತ್ತು ಎಂಬುದನ್ನು ತೋರಿಸುತ್ತದೆಂದು ಅನೇಕರು ಭಾವಿಸುತ್ತಾರೆ. ವಾಸ್ತವದಲ್ಲಿ ಅದು ತೋರಿಸುವುದು ಆ ಕಸುಬಿಗೆ ಯಾವ ಜನ ಯಾವ ಪದ ಬಳಸುತ್ತಿದ್ದರು ಎಂಬುದನ್ನು. ಇದಕ್ಕೆ ಅತ್ಯಂತ ಸ್ಪಷ್ಟ ಉದಾಹರಣೆ ನೇಯ್ದ ಉಣ್ಣೆಬಟ್ಟೆಯನ್ನು ನೀರಿನಲ್ಲಿ ತುಳಿದು ದಟ್ಟಗೊಳಿಸುವ ಕಸುಬಿನದು. ಆ ಕೆಲಸ ಮಾಡುವವನು ಆಗ್ನೇಯ ಇಂಗ್ಲೆಂಡಿನಲ್ಲಿ ಫುಲ್ಲರ್, ನೈರುತ್ಯದಲ್ಲಿ ಟಕ್ಕರ್, ಉತ್ತರ ಮತ್ತು ಮಧ್ಯಭಾಗದಲ್ಲಿ ವಾಕರ್. ಕೆಲಸ ಒಂದೇ, ಹೆಸರು ಮೂರು. ಮೂರೂ ಇಂದಿನವರೆಗೆ ಬಹುಮಟ್ಟಿಗೆ ತಮ್ಮ ತಮ್ಮ ದಿಕ್ಕಿನಲ್ಲೇ ದಟ್ಟವಾಗಿವೆ.

‘ರೈಟ್’ ಎಂದು ಕೊನೆಗೊಳ್ಳುವ ಇತರ ಹೆಸರುಗಳಲ್ಲಿಯೂ ಇದೇ ಕ್ರಮ ಕಾಣುತ್ತದೆ. ಗಾಡಿ ಮಾಡುವ ಕಾರ್ಟ್‌ರೈಟ್ ಇಂಗ್ಲೆಂಡಿನ ನಡುವಣ ಸ್ಟ್ಯಾಫರ್ಡ್‌ಷೈರ್, ಶ್ರಾಪ್‌ಷೈರ್, ಚೆಷೈರ್‌ಗಳ ಹೆಸರು. ದೊಡ್ಡ ಬಂಡಿ ಮಾಡುವ ವೇನ್‌ರೈಟ್ ಯಾರ್ಕ್‌ಷೈರ್‌ನ ಪಶ್ಚಿಮ ಭಾಗದಲ್ಲಿಯೂ ಲ್ಯಾಂಕಾಷೈರ್‌ನಲ್ಲಿಯೂ ಹೆಚ್ಚು. ದೋಣಿ ಕಟ್ಟುವ ಬೋಟ್‌ರೈಟ್ ಪೂರ್ವದ ಸಫೊಕ್ ಕಡೆಯದು. ನೇಗಿಲು ಮಾಡುವ ಪ್ಲೌರೈಟ್ ನಾಟಿಂಗ್‌ಹ್ಯಾಮ್‌ಷೈರ್ ಮತ್ತು ಲಿಂಕನ್‌ಷೈರ್ ಸುತ್ತಿನದು. ಇವುಗಳ ನಡುವೆ ಆರ್ಕ್‌ರೈಟ್ ವಿರಳಗಳಲ್ಲೊಂದು, ಮತ್ತು ಹೆಚ್ಚುಕಡಿಮೆ ಒಂದೇ ಕೌಂಟಿಗೆ ಅಂಟಿಕೊಂಡದ್ದು.

ಆ ಕೌಂಟಿ ಲ್ಯಾಂಕಾಷೈರ್. ಆರ್ಕ್‌ರೈಟ್ ಎಂಬುದು ವ್ಯಕ್ತಿಯನ್ನು ಗುರುತಿಸುವ ಉಪನಾಮವಾಗಿ 13ನೇ ಶತಮಾನದ ಲ್ಯಾಂಕಾಷೈರ್ ನ್ಯಾಯಾಲಯದ ಕಡತಗಳಲ್ಲಿಯೇ ಕಾಣಿಸಿಕೊಳ್ಳುತ್ತದೆ. ಆದರೆ ಆ ಕಾಲದ ಉಪನಾಮವನ್ನು ಕುಲನಾಮ ಎಂದು ತಿಳಿಯಬಾರದು. ತಂದೆ ಆರ್ಕ್‌ರೈಟ್ ಆಗಿದ್ದರೆ ಅದು ಆತನ ಕಸುಬು. ಮಗ ಕುರಿ ಕಾಯುತ್ತಿದ್ದರೆ ಅವನನ್ನು ಶೆಪರ್ಡ್ ಎಂದೇ ಕರೆಯುತ್ತಿದ್ದರು. ಮಗ ಬೇರೆ ಕೆಲಸ ಮಾಡುತ್ತಿದ್ದರೂ ತಂದೆಯ ಕಸುಬಿನ ಹೆಸರನ್ನೇ ಹೊತ್ತು ನಡೆದಾಗ ಮಾತ್ರ ಅದು ಮನೆತನದ ಹೆಸರಾಗುತ್ತದೆ. 1066ರಲ್ಲಿ ಫ್ರಾನ್ಸಿನ ಕಡೆಯಿಂದ ಬಂದು ಇಂಗ್ಲೆಂಡನ್ನು ಗೆದ್ದ ನಾರ್ಮನ್ನರ ಶ್ರೀಮಂತ ಮನೆಗಳಲ್ಲಿ ಆರಂಭವಾದ ಈ ಪದ್ಧತಿ ದಕ್ಷಿಣದ ಸಾಮಾನ್ಯ ಜನರಲ್ಲಿ 14ನೇ ಶತಮಾನದ ನಡುಭಾಗದ ಹೊತ್ತಿಗೆ ಬಹುತೇಕ ನೆಲೆಗೊಂಡಿತು. ಉತ್ತರದಲ್ಲಿ ಇನ್ನಷ್ಟು ತಡವಾಯಿತು.

ಈ ಬದಲಾವಣೆ ನಡೆಯುತ್ತಿರುವುದನ್ನು ಕಣ್ಣಾರೆ ಕಾಣಬೇಕಾದರೆ 1377, 1379 ಮತ್ತು 1381ರ ತಲೆಗಂದಾಯದ ಪಟ್ಟಿಗಳನ್ನು ಓದಬೇಕು. ಇಂಗ್ಲಿಷ್ ಕುಲನಾಮಗಳ ಅಧ್ಯಯನಕ್ಕೆ ಇವುಗಳಿಗಿಂತ ಬೆಲೆಬಾಳುವ ಆಕರ ಇನ್ನೊಂದಿಲ್ಲ ಎಂಬುದು ನನ್ನ ಎಣಿಕೆ. ಮೊದಲ ತೆರಿಗೆ ತಲೆಗೆ 4 ಪೆನ್ಸ್ ಎಂದು ಸಾರಾಸಗಟಾಗಿ ಬಿತ್ತು. 1379ರದು ಅಂತಸ್ತಿಗೆ ತಕ್ಕಂತೆ ಏರುವ ತೆರಿಗೆ. ಸಾಮಾನ್ಯ ಕೂಲಿಗಾರ ತನಗೂ ಹೆಂಡತಿಗೂ ಸೇರಿ 4 ಪೆನ್ಸ್ ಕೊಟ್ಟರೆ, ಯಾರ್ಕ್‌ಷೈರ್‌ನ ಪಶ್ಚಿಮ ಭಾಗದ ಹಳ್ಳಿಗಳಲ್ಲಿ ಕಮ್ಮಾರ, ದರ್ಜಿ, ನೇಕಾರರಂತಹ ಕಸುಬುದಾರರು ಸಾಮಾನ್ಯವಾಗಿ 6 ಪೆನ್ಸ್ ಕೊಡುತ್ತಿದ್ದರು. ಅದರಿಂದಾಗಿ ಬರೆಯುವವನು ಯಾರ ಕಸುಬು ಏನು ಎಂಬುದನ್ನು ಗುರುತಿಸಲೇಬೇಕಾಯಿತು. ಹಳ್ಳಿಯ ಹೆಸರು ಮೇಲೆ, ಅದರ ಕೆಳಗೆ ಒಬ್ಬೊಬ್ಬರ ಹೆಸರು, ಪಕ್ಕದಲ್ಲಿ ಹಣ. ಮೊದಲ ಹೆಸರು ಲ್ಯಾಟಿನ್ ರೂಪದಲ್ಲಿ ಯೋಹಾನ್ನೆಸ್ ಎಂದೋ ವಿಲ್ಲೆಲ್ಮುಸ್ ಎಂದೋ ಇದ್ದರೆ, ಎರಡನೆಯದು ಹಳ್ಳಿಯವರ ಬಾಯಿಂದ ಬಂದ ಅಪ್ಪಟ ಇಂಗ್ಲಿಷ್. ಒಬ್ಬನ ಉಪನಾಮ ಒಂದು ಕಸುಬಿನದಾಗಿದ್ದು, ತೆರಿಗೆ ಮಾತ್ರ ಇನ್ನೊಂದು ಕಸುಬಿನ ಲೆಕ್ಕದಲ್ಲಿ ಬಿದ್ದಿದ್ದರೆ, ಅವನ ಹೆಸರು ಆಗಲೇ ಕಸುಬಿನಿಂದ ಕಳಚಿಕೊಂಡು ಮನೆತನದ ಹೆಸರಾಗಿದೆ ಎಂದು ಧೈರ್ಯವಾಗಿ ಹೇಳಬಹುದು. ಈ ಮೂರು ತೆರಿಗೆಗಳಲ್ಲಿ ಕೊನೆಯದರ ವಸೂಲಿಯೇ 1381ರ ರೈತದಂಗೆಗೆ ಕಿಡಿ ಹಚ್ಚಿತು. ತೆರಿಗೆ ಕೊಟ್ಟವರಿಗೆ ಅಷ್ಟು ಕಹಿಯಾಗಿದ್ದ ಪಟ್ಟಿಗಳೇ ಇಂದು ಆ ಬಡ ಮನೆಗಳ ಹೆಸರನ್ನು ನಮಗೆ ಉಳಿಸಿಕೊಟ್ಟಿವೆ.

ಲ್ಯಾಂಕಾಷೈರ್‌ನ ಕುಲನಾಮಗಳ ಸ್ವಭಾವವೂ ಇಲ್ಲಿ ಮುಖ್ಯ. 1981ರಲ್ಲಿ ರಿಚರ್ಡ್ ಮೆಕಿನ್ಲಿ ಆ ಕೌಂಟಿಯ ಕುಲನಾಮಗಳ ಬಗ್ಗೆಯೇ ಒಂದು ವಿಸ್ತಾರವಾದ ಅಧ್ಯಯನವನ್ನು ಪ್ರಕಟಿಸಿ, ಅಲ್ಲಿ ಸ್ಥಳನಾಮದಿಂದ ಬಂದ ಹೆಸರುಗಳ ಪ್ರಮಾಣ ಬಹಳ ಹೆಚ್ಚೆಂದು ತೋರಿಸಿದರು. ದೊಡ್ಡ ಹಳ್ಳಿಗಳಿಗಿಂತ ಚದುರಿದ ಒಂಟಿ ಮನೆಗಳೂ ಸಣ್ಣ ಕೇರಿಗಳೂ ಹೆಚ್ಚಾಗಿದ್ದ ಆ ನಾಡಿನಲ್ಲಿ ಮನುಷ್ಯನನ್ನು ಅವನ ಜಮೀನಿನ ಹೆಸರಿನಿಂದ ಗುರುತಿಸುವುದು ಸಹಜವಾಗಿತ್ತು. ಹಾಗಾಗಿ ಕಸುಬಿನ ಹೆಸರು, ಅದರಲ್ಲೂ ಪೆಟ್ಟಿಗೆ ಮಾಡುವಂತಹ ವಿಶೇಷ ಕಸುಬಿನ ಹೆಸರು ಗಟ್ಟಿಯಾಗಿ ನಿಲ್ಲುವ ಸಂದರ್ಭಗಳೇ ಅಲ್ಲಿ ಕಡಿಮೆ. ಪದ ಉತ್ತರದ್ದು, ಉತ್ತರದ ಆ ಭಾಗದಲ್ಲೋ ಕಸುಬಿನ ಹೆಸರುಗಳಿಗೆ ಜಾಗ ಕಡಿಮೆ. ಆರ್ಕ್‌ರೈಟ್ ವಿರಳವಾದದ್ದಕ್ಕೆ ಈ ಎರಡರ ಸೇರುವಿಕೆಯೇ ಮೊದಲ ಕಾರಣವೆಂದು ನನಗೆ ತೋರುತ್ತದೆ.

ಎರಡನೆಯ ಕಾರಣ ಕೇವಲ ಆಕಸ್ಮಿಕ. ಹೆಸರು ಗಂಡುಮಕ್ಕಳ ಮೂಲಕ ಮಾತ್ರ ಮುಂದುವರಿಯುವ ಪದ್ಧತಿಯಲ್ಲಿ, ಒಂದು ಮನೆಯಲ್ಲಿ ಗಂಡು ಸಂತಾನವಿಲ್ಲದಿದ್ದರೆ ಆ ಕೊಂಬೆ ಅಲ್ಲಿಗೆ ಮುಗಿಯಿತು. 1873ರಲ್ಲಿ ಇಂಗ್ಲಿಷ್ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ ಇದನ್ನೇ ಒಂದು ಗಣಿತದ ಸಮಸ್ಯೆಯಾಗಿ ಮುಂದಿಟ್ಟರು. ಹೆನ್ರಿ ವಾಟ್ಸನ್ ಎಂಬ ಪಾದ್ರಿ ಅದನ್ನು ಬಿಡಿಸಿದರು. ಎಲ್ಲ ಕುಲನಾಮಗಳೂ ಕೊನೆಗೆ ಅಳಿದೇ ಅಳಿಯುತ್ತವೆ ಎಂಬ ಅವರ ತೀರ್ಮಾನ, ಬೆಳೆಯುತ್ತಿರುವ ಜನಸಂಖ್ಯೆಗೆ ಸಲ್ಲದು ಎಂದು ಮುಂದಿನ ಗಣಿತಜ್ಞರು ತಿದ್ದಿದರು. ಆದರೂ ಸಣ್ಣ ಸಂಖ್ಯೆಯಿಂದ ಆರಂಭವಾದ ಹೆಸರು ಮೊದಲ ಕೆಲವು ತಲೆಮಾರುಗಳಲ್ಲೇ ಅಳಿಯುವ ಸಾಧ್ಯತೆ ತೀರ ಹೆಚ್ಚು ಎಂಬ ಅವರ ಲೆಕ್ಕದ ತಿರುಳು ಇಂದಿಗೂ ನಿಂತಿದೆ. ಇದರ ಮೇಲೆ 1348–49ರ ಮಹಾಮಾರಿ ಪ್ಲೇಗ್ ಇಂಗ್ಲೆಂಡಿನ ಜನಸಂಖ್ಯೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚನ್ನು ಕೊಂದಿತು ಎಂಬುದನ್ನು ನೆನೆದರೆ, ಕುಲನಾಮಗಳು ಗಟ್ಟಿಯಾಗುತ್ತಿದ್ದ ಕಾಲದಲ್ಲೇ ಎಷ್ಟು ಹೆಸರುಗಳು ಮೊಳಕೆಯಲ್ಲೇ ಕಮರಿದವೋ ಎನಿಸುತ್ತದೆ. ಅಂತಹ ಕಾಲವನ್ನು ದಾಟಿ ಬಂದ ವಿರಳ ಹೆಸರುಗಳ ಬಗ್ಗೆ ನನಗೆ ವಿಶೇಷವಾದ ಗೌರವವಿದೆ.

ಮುಂದಿನ ಶತಮಾನಗಳ ದಾಖಲೆಗಳು ಬೇರೆ ಬೇರೆ ಉದ್ದೇಶಕ್ಕಾಗಿ ಹುಟ್ಟಿದವು. ದೊರೆ ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಆಜ್ಞೆಯಂತೆ 1538ರಲ್ಲಿ ಚರ್ಚುಗಳು ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳನ್ನು ದಾಖಲಿಸತೊಡಗಿದವು. 1662ರಿಂದ 1689ರವರೆಗೆ ಜಾರಿಯಲ್ಲಿದ್ದ ಒಲೆ ತೆರಿಗೆಯಲ್ಲಿ ಒಂದೊಂದು ಒಲೆಗೆ ವರ್ಷಕ್ಕೆ 2 ಶಿಲಿಂಗ್ ಲೆಕ್ಕದಲ್ಲಿ ಮನೆಯೊಡೆಯರ ಪಟ್ಟಿ ಆಯಿತು. 1837ರ ಜುಲೈ 1ರಿಂದ ಸರ್ಕಾರವೇ ಜನನ ಮರಣಗಳ ನೋಂದಣಿಯನ್ನು ಕೈಗೆತ್ತಿಕೊಂಡಿತು. ಆದರೆ ಇಡೀ ದೇಶದಲ್ಲಿ ಹೆಸರೊಂದು ಹೇಗೆ ಹರಡಿದೆ ಎಂದು ಒಂದೇ ನೋಟಕ್ಕೆ ಕಾಣಿಸುವುದು 1881ರ ಜನಗಣತಿ. ಸ್ವಯಂಸೇವಕರು ಅದರ ಒಂದೊಂದು ಸಾಲನ್ನೂ ನಕಲು ಮಾಡಿ ಸೂಚಿ ಸಿದ್ಧಪಡಿಸಿದ್ದರಿಂದ, ಯಾವ ಕುಲನಾಮ ಯಾವ ಕೌಂಟಿಯಲ್ಲಿ ಎಷ್ಟು ದಟ್ಟವಾಗಿದೆ ಎಂದು ನಕ್ಷೆ ಬರೆಯಲು ಸಾಧ್ಯವಾಯಿತು.

ಆ ನಕ್ಷೆಯಲ್ಲಿ ಆರ್ಕ್‌ರೈಟ್ ಎಂಬ ಹೆಸರು ಲ್ಯಾಂಕಾಷೈರ್‌ನಲ್ಲಿ, ಅದರಲ್ಲೂ ಪ್ರೆಸ್ಟನ್, ವಿಗನ್, ಬೋಲ್ಟನ್ ಪಟ್ಟಣಗಳ ಸುತ್ತಿನಲ್ಲಿ ಗುಂಪುಗೂಡಿದೆ. ಇದು ನನ್ನನ್ನು ಬಹಳವಾಗಿ ಸೆಳೆದ ಸಂಗತಿ. 1881ರ ಹೊತ್ತಿಗೆ ಕೈಗಾರಿಕಾ ಕ್ರಾಂತಿ ಒಂದು ಶತಮಾನ ಹಳೆಯದು; ರೈಲು ಬಂದು ಅರ್ಧ ಶತಮಾನವಾಗಿತ್ತು; ಲಕ್ಷಾಂತರ ಜನ ಕೂಲಿ ಹುಡುಕಿಕೊಂಡು ಊರು ಬಿಟ್ಟಿದ್ದರು. ಆದರೂ ಹೆಸರು ಹುಟ್ಟಿದ ನೆಲದಿಂದ ಹೆಚ್ಚು ದೂರ ಸರಿಯಲಿಲ್ಲ. ಕಾರಣ ಸರಳ: ಕೆಲಸ ಹುಡುಕುತ್ತ ಜನ ಬರುತ್ತಿದ್ದದ್ದೇ ಲ್ಯಾಂಕಾಷೈರ್‌ನ ಗಿರಣಿಗಳಿಗೆ. ಅಲ್ಲೇ ಹುಟ್ಟಿದ ಆರ್ಕ್‌ರೈಟ್ ಮನೆಗಳವರು ಹೊಲ ಬಿಟ್ಟರೂ ಹತ್ತಾರು ಮೈಲಿಯೊಳಗಿನ ಪಟ್ಟಣ ಸೇರಿದರೆ ಸಾಕಾಗುತ್ತಿತ್ತು. ಹತ್ತಿ ಉದ್ಯಮ ಬೇರೆಲ್ಲೋ ಬೆಳೆದಿದ್ದರೆ ಈ ಹೆಸರಿನ ನಕ್ಷೆ ಬೇರೆಯೇ ಆಗಿರುತ್ತಿತ್ತು.

ಗಿರಣಿಗಳ ರಿಚರ್ಡ್ ಹುಟ್ಟಿದ್ದೂ ಪ್ರೆಸ್ಟನ್‌ನಲ್ಲೇ, 1732ರಲ್ಲಿ. ಆತನ ತಂದೆ ಥಾಮಸ್ ದರ್ಜಿ; ಆತ ಸ್ವತಃ ಬೋಲ್ಟನ್‌ನಲ್ಲಿ ಕ್ಷೌರಿಕನಾಗಿ, ಟೋಪನ್ ಮಾಡುವವನಾಗಿ ಬದುಕು ಆರಂಭಿಸಿದ. ಪೆಟ್ಟಿಗೆ ಮಾಡುವ ಕಸುಬು ಆ ಮನೆಯಿಂದ ಎಂದೋ ಮರೆಯಾಗಿ ಹೆಸರಷ್ಟೇ ಉಳಿದಿತ್ತು. 1792ರಲ್ಲಿ ಆತ ತೀರಿಕೊಂಡಾಗ ಬಿಟ್ಟುಹೋದ ಸಂಪತ್ತು ಈ ಹೆಸರನ್ನು ಲ್ಯಾಂಕಾಷೈರ್‌ನ ಆಚೆಗೆ ಕೊಂಡೊಯ್ದಿತು. ಅದೇ ಹೆಸರಿನ ಮಗ ಆ ಕಾಲದ ಇಂಗ್ಲೆಂಡಿನ ಅತಿ ಸಿರಿವಂತರಲ್ಲೊಬ್ಬನಾಗಿ, 19ನೇ ಶತಮಾನದ ಆರಂಭದಲ್ಲಿ ಹೆರಿಫರ್ಡ್‌ಷೈರ್‌ನ ಹ್ಯಾಂಪ್ಟನ್ ಕೋರ್ಟ್ ಎಂಬ ಕೋಟೆಮನೆಯನ್ನು ಕೊಂಡ. ಇದು ಥೇಮ್ಸ್ ದಂಡೆಯ ಅದೇ ಹೆಸರಿನ ಅರಮನೆಯಲ್ಲ. ಡರ್ಬಿಷೈರ್‌ನ ಸಟನ್ ಸ್ಕಾರ್ಸ್‌ಡೇಲ್ ಎಸ್ಟೇಟೂ ಈ ಮನೆತನದ ಕೈಗೆ ಬಂತು. ವಂಶದ ಫ್ರಾನ್ಸಿಸ್ ಆರ್ಕ್‌ರೈಟ್ ಎಂಬಾತ 1874ರಿಂದ 1880ರವರೆಗೆ ಪೂರ್ವ ಡರ್ಬಿಷೈರ್‌ನ ಪ್ರತಿನಿಧಿಯಾಗಿ ಸಂಸತ್ತಿನಲ್ಲಿದ್ದು, ಬಳಿಕ ನ್ಯೂಜಿಲೆಂಡಿಗೆ ಹೋಗಿ ನೆಲೆಸಿದ. ಹೀಗೆ ಲ್ಯಾಂಕಾಷೈರ್‌ನ ಹೊರಗಿನ ಕೌಂಟಿಗಳಲ್ಲಿ ದೊಡ್ಡ ಮನೆಗಳ ದಾಖಲೆಗಳಲ್ಲಿ ಈ ಹೆಸರು ಎದ್ದು ಕಂಡರೆ, ಅದರ ಹಿಂದಿರುವುದು ಬಹುಶಃ ಈ ಒಂದೇ ಮನೆ.

ಸ್ಥಳನಾಮಗಳ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ಚೆಸ್ಟರ್‌ಫೀಲ್ಡ್ ಸಮೀಪದ ಆರ್ಕ್‌ರೈಟ್ ಟೌನ್ ಎಂಬ ಗಣಿಕಾರ್ಮಿಕರ ಊರಿಗೆ ಹೆಸರು ಬಂದದ್ದು ಆ ಭೂಮಿಯ ಒಡೆಯರಾಗಿದ್ದ ಮನೆತನದಿಂದ. 1988ರಲ್ಲಿ ಹಳೆಯ ಕಲ್ಲಿದ್ದಲು ಗಣಿಯಿಂದ ಮೀಥೇನ್ ಅನಿಲ ಮನೆಗಳೊಳಗೆ ಸೋರುತ್ತಿರುವುದು ಪತ್ತೆಯಾಗಿ, 1990ರ ದಶಕದಲ್ಲಿ ಊರನ್ನೇ ರಸ್ತೆಯ ಆಚೆಗೆ ಹೊಸದಾಗಿ ಕಟ್ಟಿ ಜನರನ್ನು ಸ್ಥಳಾಂತರಿಸಿದರು. ಹೆಸರೂ ಅವರ ಜೊತೆಗೇ ರಸ್ತೆ ದಾಟಿತು. ಅಮೆರಿಕದ ರೋಡ್ ಐಲೆಂಡ್‌ನಲ್ಲಿ ಆರ್ಕ್‌ರೈಟ್ ಎಂಬ ಗಿರಣಿ ಊರೊಂದಿದೆ. ನೂಲು ಗಿರಣಿಯೆಂದರೆ ಆರ್ಕ್‌ರೈಟ್ ಎಂಬಷ್ಟು ಆತನ ಕೀರ್ತಿ ಹರಡಿದ್ದರಿಂದ ಅಂತಹ ಹೆಸರುಗಳು ಹುಟ್ಟಿದವೇ ಹೊರತು, ಆ ಕುಲನಾಮದವರು ಅಲ್ಲಿ ಬಂದು ನೆಲೆಸಿದ್ದರಿಂದಲ್ಲ. ಕುಲನಾಮದ ಹರಡುವಿಕೆಯನ್ನು ಅಳೆಯುವಾಗ ಇವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು.

ಆರ್ಕ್‌ರೈಟರೆಲ್ಲ ಒಂದೇ ಮೂಲಪುರುಷನ ಸಂತಾನವೇ ಎಂಬುದು ಈ ಹೆಸರಿನವರನ್ನು ಸಹಜವಾಗಿ ಕಾಡುವ ಪ್ರಶ್ನೆ. ತಂದೆಯಿಂದ ಮಗನಿಗೆ ಬಹುತೇಕ ಬದಲಾಗದೆ ಬರುವ ವೈ ವರ್ಣತಂತು ಕುಲನಾಮದ ದಾರಿಯಲ್ಲೇ ಸಾಗುವುದರಿಂದ, ಇದಕ್ಕೆ ಈಗ ಒಂದು ಪರೀಕ್ಷೆ ಇದೆ. ಲೆಸ್ಟರ್ ವಿಶ್ವವಿದ್ಯಾಲಯದ ಟೂರಿ ಕಿಂಗ್ ಮತ್ತು ಮಾರ್ಕ್ ಜಾಬ್ಲಿಂಗ್ 2009ರಲ್ಲಿ 40 ಬ್ರಿಟಿಷ್ ಕುಲನಾಮಗಳ 1,678 ಗಂಡಸರನ್ನು ಪರೀಕ್ಷಿಸಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಸರು ವಿರಳವಾದಷ್ಟೂ ಅದನ್ನು ಹೊತ್ತವರ ವೈ ವರ್ಣತಂತುಗಳಲ್ಲಿ ಸಾಮ್ಯ ಹೆಚ್ಚುತ್ತದೆ ಎಂದು ಕಂಡುಬಂತು. ಸ್ಮಿತ್‌ನಂತಹ ಹೆಸರಿನಲ್ಲಿ ಇಂತಹ ಸಾಮ್ಯ ಕಾಣುವುದಿಲ್ಲ. ಊರಿಗೊಬ್ಬ ಕಮ್ಮಾರನಿದ್ದ ದೇಶದಲ್ಲಿ ಅದು ಸಹಜವೇ. ಆರ್ಕ್‌ರೈಟ್ ಈ ಎರಡರ ನಡುವಿನ ಹೆಸರು. ಕಸುಬಿನ ಹೆಸರಾದ್ದರಿಂದ ಒಂದಕ್ಕಿಂತ ಹೆಚ್ಚು ಊರುಗಳಲ್ಲಿ ಸ್ವತಂತ್ರವಾಗಿ ಹುಟ್ಟಿರಬಹುದು. ಆದರೆ ಒಂದೇ ಕೌಂಟಿಯ ಸಣ್ಣ ಭಾಗದಲ್ಲಿ ಗುಂಪುಗೂಡಿರುವುದನ್ನು ನೋಡಿದರೆ, ಇಂದಿನವರೆಗೆ ಬದುಕಿ ಬಂದ ಕೊಂಬೆಗಳು ಬೆರಳೆಣಿಕೆಯ ಕೆಲವೇ ಮನೆಗಳಿಂದ ಬಂದವೆಂದು ನನಗನಿಸುತ್ತದೆ. ಹಾಗಿದ್ದರೂ ಈ ಹೆಸರಿನ ಯಾರೇ ಆಗಲಿ ಸರ್ ರಿಚರ್ಡ್ ವಂಶದವರೆಂದು ನೇರವಾಗಿ ತೀರ್ಮಾನಿಸುವುದು ತಪ್ಪಾಗುತ್ತದೆ. ಆತನಿಗೆ ಶತಮಾನಗಳ ಮೊದಲೇ ಲ್ಯಾಂಕಾಷೈರ್‌ನಲ್ಲಿ ಆರ್ಕ್‌ರೈಟ್ ಎನಿಸಿಕೊಂಡವರಿದ್ದರು. ಆ ಮನೆಗಳನ್ನು ಒಂದೊಂದಾಗಿ ಬೆಸೆಯಬೇಕಾದರೆ ಚರ್ಚಿನ ದಾಖಲೆಗಳನ್ನೂ, ಪ್ರೆಸ್ಟನ್‌ನಲ್ಲಿರುವ ಲ್ಯಾಂಕಾಷೈರ್ ಕೌಂಟಿ ದಾಖಲೆ ಭಂಡಾರದ ಮರಣಶಾಸನಗಳನ್ನೂ, ಅದರ ಜೊತೆಗೆ ವೈ ವರ್ಣತಂತುವಿನ ಫಲಿತಾಂಶವನ್ನೂ ಒಟ್ಟಿಗೆ ಇಟ್ಟುಕೊಂಡು ತಲೆಮಾರು ತಲೆಮಾರಾಗಿ ಹಿಂದಕ್ಕೆ ಹೋಗಬೇಕಾಗುತ್ತದೆ.